ಹೊರಸಿನ ಬಂಡಿ

ಬಿಸಿಲಿದ್ದಷ್ಟು ದಿನ ನಾನು ನಮ್ಮ ಓಣಿಗೆ ಕುಂಟಿ. ಮಳೆ ಹಿಡಿಯಿತೆಂದರೆ ಮಾತ್ರ ತಾಯಂದಿರಿಗೆಲ್ಲ ಭಾಳ ಶಾಣ್ಯಾಕಿ ಆಗಿಬಿಡುತ್ತಿದ್ದೆ. ಚಿತ್ತಾಪುರದಲ್ಲಿ ಆಗ ಡಾಂಬರು ಎಲ್ಲಿತ್ತು? ನಾಲ್ಕು ಹನಿ ಬಿದ್ದರೆ ಕರಿಮಣ್ಣು ಕಾಲಿಗೆ ಹತ್ತಿ ಎರಡು ಸೇರು ತೂಗುತ್ತಿತ್ತು. ಮಕ್ಕಳನ್ನು ಹೊರಗೆ ಬಿಡುವಂತಿರಲಿಲ್ಲ, ಒಳಗೆ ಇಟ್ಟುಕೊಂಡರೆ ಅವು ಮಾಳಿಗೆ ಹಾರಿಸುತ್ತಿದ್ದವು. ತಂದು ನಮ್ಮ ಪಡಸಾಲೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಸಣ್ಣವಳಿದ್ದಾಗ ಬಂದ ಜ್ವರಕ್ಕೆ ನನ್ನ ಎಡಗಾಲು ಸೊರಗಿಹೋಗಿತ್ತು. ಎಲ್ಲಿಗೂ ಓಡಿಹೋಗದವಳು, ಮಕ್ಕಳನ್ನು ಕಾಯುವುದಕ್ಕೆ ಇನ್ನೇನು ಬೇಕು? ಕುಂಟನಿಗೆ ಎಂಟು ಚೇಷ್ಟೆ ಅಂತಾರೆ. ನನಗೆ ಅದಕ್ಕಿಂತ ಹೆಚ್ಚೇ ಗೊತ್ತಿದ್ದವು. ನೆಲದ ಶಹಾಬಾದ ಕಲ್ಲಿನ ಮೇಲೆ ಇದ್ದಲಿಯಿಂದ ಮನೆ ಬರೆದು ಹುಣಸೆ ಬೀಜದಲ್ಲಿ ಚೌಕಾಬಾರ ಆಡಿಸುತ್ತಿದ್ದೆ. ಒಗಟು ಹೇಳುತ್ತಿದ್ದೆ. ಮಾಳಿಗೆ ಸೋರಿದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಭಾಂಡೆ ಕೊಟ್ಟು ಯಾರದು ಮೊದಲು ತುಂಬುತ್ತದೆ ನೋಡೋಣ ಎನ್ನುತ್ತಿದ್ದೆ. ಅಷ್ಟರ ಮಟ್ಟಿಗೆ ಸೋರುವ ಮನೆಯೂ ಕೆಲಸಕ್ಕೆ ಬರುತ್ತಿತ್ತು.

ನಾನು ಹೇಳಹೊರಟ ದಿನ ಮಾತ್ರ ಓಣಿಯ ಮಕ್ಕಳು ಬಂದಿರಲಿಲ್ಲ. ಇವತ್ತು ಬೇಡ ಎಂದು ನಮ್ಮವ್ವ ಎಲ್ಲರಿಗೂ ಹೇಳಿ ಕಳಿಸಿದ್ದಳು. ಅಪ್ಪ ಶಹಾಬಾದದ ಕಲ್ಲಿನ ಖಣಿಯಲ್ಲಿದ್ದ. ಮನೆಯಲ್ಲಿ ಇದ್ದದ್ದು ನಾನು, ನಮ್ಮವ್ವ, ಮತ್ತೆ ತೀರಿಹೋದ ನನ್ನ ಅಕ್ಕನ ಇಬ್ಬರು ಮಕ್ಕಳು. ಹುಡುಗಿಗೆ ಆರು ವರ್ಷ, ಹುಡುಗನಿಗೆ ಆಗಷ್ಟೇ ಮೂರು ತುಂಬಿತ್ತು. ಅಕ್ಕ ಅವನನ್ನು ಹೆತ್ತು ಬಾಣಂತನದಲ್ಲೇ ಹೋಗಿಬಿಟ್ಟಿದ್ದಳು. ಅವಳ ಮುಖ ಕಾಣದ ಆ ಕೂಸಿಗೆ ಆಡಿನ ಹಾಲು ಕುಡಿಸಿ, ಹೊಟ್ಟೆಯ ಮೇಲೆ ಮಲಗಿಸಿಕೊಂಡು ದೊಡ್ಡದು ಮಾಡಿದವಳು ನಾನು. ಮಾತು ಕಲಿತಾಗ ಅವನು ನನ್ನನ್ನು ಅವ್ವ ಎಂದು ಕರೆಯಲು ನೋಡಿದ. ನಮ್ಮವ್ವ ಬಿಡಲಿಲ್ಲ. ಚಿಗವ್ವ ಅನ್ನು ಎಂದು ತಿದ್ದಿದಳು. ಇಲ್ಲದ ಆಸೆ ಬೆಳೆಸಬಾರದು ಎಂಬುದು ಅವಳ ಲೆಕ್ಕ, ಆಸೆ ಯಾರದು ಎಂದು ಅವಳು ಹೇಳಲಿಲ್ಲ.

ಅಕ್ಕ ಸತ್ತರೆ ತಂಗಿಯನ್ನು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಊರೆಲ್ಲ ಅದನ್ನೇ ಅಂದುಕೊಂಡಿತ್ತು, ಸುಳ್ಳು ಯಾಕೆ, ನಾನೂ ಅಂದುಕೊಂಡಿದ್ದೆ. ಭಾವನ ಮೇಲೆ ನನಗೆ ಅಂಥ ಮನಸ್ಸೇನೂ ಇರಲಿಲ್ಲ. ಮಕ್ಕಳು ನನ್ನ ಹತ್ತಿರ ಉಳಿಯುತ್ತವಲ್ಲ ಎಂಬುದಷ್ಟೇ. ಆದರೆ ಭಾವನ ಊರು ಮಳಖೇಡ. ಅಲ್ಲಿ ಕಾಗಿಣಾ ಹೊಳೆಯಿಂದ ನೀರು ಹೊತ್ತುಕೊಂಡು ದಿಬ್ಬ ಏರಬೇಕು. ಈಕೆ ತನ್ನ ಮೈಯನ್ನೇ ಹೊರಲಾರಳು, ಕೊಡ ಏನು ಹೊತ್ತಾಳು ಎಂದು ಭಾವನ ತಾಯಿ ಕೇಳಿದಳಂತೆ. ಕೇಳಿದ್ದರಲ್ಲಿ ತಪ್ಪಿಲ್ಲ. ಭಾವ ಆ ವೈಶಾಖದಲ್ಲಿ ಸೇಡಂ ಕಡೆಯ ಹುಡುಗಿಯನ್ನು ಮಾಡಿಕೊಂಡ. ಮುಂಗಾರು ಹಿಡಿದ ಮೇಲೆ ಮಕ್ಕಳನ್ನು ಕರೆದೊಯ್ಯಲು ಬರುತ್ತೇನೆಂದು ಸುದ್ದಿ ಕಳಿಸಿದ.

ಅವನು ಬರಬೇಕಾದ ದಿನ ಬೆಳಗಿನಿಂದಲೇ ಮಳೆ ಜಡಿಯುತ್ತಿತ್ತು. ಮರುದಿನವೇ ನಾಗರ ಅಮಾಸಿ. ಅಮಾಸಿ ಆದರೆ ಪಂಚಮಿ ಬಂತು, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬದ ತಿಂಗಳಲ್ಲಿ ಮನೆಯ ಮಕ್ಕಳನ್ನು ಹೊರಗೆ ಕಳಿಸುವವಳಲ್ಲ ನಮ್ಮವ್ವ. ಅಂದರೆ ದಾರಿಯ ಹಳ್ಳ ತುಂಬಿ ಇವತ್ತು ಬಂಡಿ ಬರದಿದ್ದರೆ ಮಕ್ಕಳು ಶ್ರಾವಣವೆಲ್ಲ ನನ್ನ ಹತ್ತಿರ. ನಾನು ಬಾಗಿಲ ಸಂದಿಯಿಂದ ಮೋಡ ನೋಡುತ್ತ ಹೊಡೆ, ಇನ್ನೂ ಹೊಡೆ ಎನ್ನುತ್ತಿದ್ದೆ. ರೈತರೂ ಅಷ್ಟು ಆಸೆಯಿಂದ ಮಳೆ ಬೇಡಿರಲಿಕ್ಕಿಲ್ಲ.

ನಮ್ಮವ್ವನಿಗೆ ಬೇರೆಯದೇ ಚಿಂತೆ. ಒಲೆಯ ಮುಂದೆ ಕೂತು ದಾರಿಗೆ ರೊಟ್ಟಿ ಬಡಿಯುತ್ತಿದ್ದವಳು ನನ್ನನ್ನು ಕರೆದು ಮೆಲ್ಲಗೆ ಹೇಳಿದಳು.

“ಅಳಕೋತ ಹೊಸ್ತಿಲ ದಾಟಿದ ಕೂಸು ಹ್ವಾದ ಮನಿಗಿ ಹೊಂದಂಗಿಲ್ಲ. ಅವು ನಕ್ಕೋತ ಹೋಗ್ಬೇಕು ನೋಡವ್ವಾ. ಅದು ನಿನ್ನ ಕೈಯಾಗ ಅದ.”

ನನಗೆ ಸಿಟ್ಟು ನೆತ್ತಿಗೇರಿತು. ಕಿತ್ತುಕೊಳ್ಳುವವರು ಅವರು, ನಗಿಸಿ ಕಳಿಸಬೇಕಾದವಳು ನಾನು. ಎದ್ದು ಪಡಸಾಲೆಗೆ ಬಂದೆ. ಅಲ್ಲಿ ಹುಡುಗ ಆಗಲೇ ರಾಗ ತೆಗೆದಿದ್ದ. ಹೊರಗೆ ಹೋಗಬೇಕು, ನೀರಿನಲ್ಲಿ ಆಡಬೇಕು ಎಂದು ನೆಲಕ್ಕೆ ಕಾಲು ಬಡಿಯುತ್ತಿದ್ದ. ಚೌಕಾಬಾರದ ಬೀಜಗಳನ್ನೆಲ್ಲ ಚೆಲ್ಲಾಡಿದ್ದ. ಭಾಂಡೆಯ ಆಟಕ್ಕೂ ಒಲ್ಲೆ, ಹುರಿದ ಶೇಂಗಾಕ್ಕೂ ಒಲ್ಲೆ. ನನ್ನ ವಿದ್ಯೆಯೆಲ್ಲ ಮುಗಿದಿತ್ತು. ಅಷ್ಟರಲ್ಲಿ ಹುಡುಗಿ, ಅಪ್ಪನ ಬಂಡಿ ಎಷ್ಟು ದೊಡ್ಡದು ಎಂದು ಕೇಳಿದಳು. ತೋರಿಸುತ್ತೇನೆ ಬಾ ಎಂದು ಗೋಡೆಗೆ ಆನಿಸಿದ್ದ ಮಲಗುವ ಹೊರಸನ್ನು ಎಳೆದು, ಕಾಲು ಮೇಲೆ ಮಾಡಿ ಬೋರಲು ಹಾಕಿದೆ. ನಾಲ್ಕು ಕಾಲಿಗೆ ಕಂಬಳಿ ಹೊದಿಸಿದರೆ ಕಮಾನು ಆಯಿತು. ಮುಂದೆ ಎರಡು ತಲೆದಿಂಬು ಕಟ್ಟಿದರೆ ಎತ್ತು. ಹುಡುಗನ ಕೈಗೆ ಬಾರುಕೋಲೆಂದು ಒಂದು ಜೋಳದ ದಂಟು ಕೊಟ್ಟೆ. ಅವನು ಅಳು ನಿಲ್ಲಿಸಿ ಮೂಗು ಒರೆಸಿಕೊಂಡು ಹತ್ತಿ ಕೂತ.

ಎಲ್ಲಿಗೆ ಹೊರಟಿತು ಬಂಡಿ ಎಂದು ಕೇಳಿದೆ. ಮಳಖೇಡಕ್ಕೆ ಎಂದಳು ಹುಡುಗಿ. ಬೇರೆ ಊರು ಹೇಳಿದ್ದರೆ ನನ್ನ ಬದುಕು ಬೇರೆಯಾಗುತ್ತಿತ್ತೋ ಏನೋ.

ದಾರಿಯುದ್ದಕ್ಕೂ ನಾನೇ ಸುದ್ದಿ ಹೇಳಿದೆ. ಈಗ ಊರು ದಾಟಿತು, ಈಗ ತೊಗರಿ ಹೊಲ ಬಂತು, ಈಗ ಹಳ್ಳ, ಎತ್ತು ಬೆದರಿದವು, ಗಟ್ಟಿ ಹಿಡ್ಕೊಳ್ರಿ. ಹೊರಸನ್ನು ಕೈಯಿಂದ ಅಲುಗಾಡಿಸುತ್ತಿದ್ದೆ, ಹುಡುಗ ಹೊಟ್ಟೆ ಹಿಡಿದು ನಗುತ್ತಿದ್ದ. ಕೋಟೆ ಕಂಡಿತು, ಹೊಳೆ ಕಂಡಿತು, ಮನೆ ಬಂತು. ಮನೆಯಲ್ಲಿ ಯಾರಿರುತ್ತಾರೆ ಎಂದು ಹುಡುಗಿ ಕೇಳಿದಳು. ಹೊಸ ಅವ್ವ ಇರುತ್ತಾಳೆ ಅಂದೆ. ಎಲ್ಲಿ ಎಂದು ಹುಡುಗ ಕಂಬಳಿ ಸರಿಸಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವನ ತುಟಿ ಸೊಟ್ಟಗಾಗುತ್ತಿತ್ತು. ನಾನೇ ಕುಂಟುತ್ತ ಹೋಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಕೈಯಲ್ಲಿ ತಂಬಿಗೆ ಹಿಡಿದು ಆ ಬಾಗಿಲಲ್ಲಿ ನಿಂತೆ. ಬರ್ರಿ ನನ್ನ ಮಕ್ಕಳೇ ಎಂದು ಕರೆದೆ. ಕಾಲಿಗೆ ನೀರು ಹಾಕಿದೆ, ಬಾಯಿಗೆ ಬೆಲ್ಲ ಇಟ್ಟೆ, ಮುಖದ ಮೇಲೆ ಕೈಯಾಡಿಸಿ ನೆಟಿಕೆ ಮುರಿದೆ.

ಹುಡುಗ ನನ್ನ ಕಾಲಿಗೆ ತೆಕ್ಕೆ ಹಾಕಿ ಅವ್ವಾ ಎಂದ. ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಈ ಸಲ ನಮ್ಮವ್ವ ತಿದ್ದಲಿಲ್ಲ.

ಆಮೇಲೆ ಅವನಿಗೆ ಬೇರೆ ಆಟ ಬೇಡವಾಯಿತು. ಬಂಡಿ ಮತ್ತೆ ಹೊರಡಬೇಕು, ಮತ್ತೆ ಹಳ್ಳ ದಾಟಬೇಕು, ಮಳಖೇಡ ಬರಬೇಕು, ನಾನು ಬಾಗಿಲಲ್ಲಿ ನಿಂತಿರಬೇಕು. ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಕಾಲು ಸೆಳೆಯತೊಡಗಿತು, ಆದರೂ ಪ್ರತಿ ಸಲ ಎದ್ದು ಹೋಗಿ ನಿಂತೆ. ಅವ್ವನ ಮಾತು ನಡೆಸುತ್ತಿದ್ದೆ ಅಂದುಕೊಂಡಿರಾ? ಅದೆಲ್ಲ ಆಗಲೇ ಮರೆತುಹೋಗಿತ್ತು. ಅವನು ಅವ್ವಾ ಎನ್ನುವುದನ್ನು ಕೇಳುವ ಆಸೆಗೆ ನಿಲ್ಲುತ್ತಿದ್ದೆ. ಮೂರು ವರ್ಷ ಸಾಕಿದವಳು ನಾನು, ಆ ಮಾತು ಸಿಕ್ಕಿದ್ದು ಮಾತ್ರ ಇನ್ನೊಬ್ಬಳ ವೇಷ ಹಾಕಿದಾಗ.

ಮಧ್ಯಾಹ್ನದ ಊಟವಾದ ಮೇಲೆ ಮಳೆಯ ಸದ್ದು ಕಡಿಮೆಯಾಯಿತು. ಭಾಂಡೆಯಲ್ಲಿ ಬೀಳುವ ಹನಿ ದೂರ ದೂರವಾಯಿತು. ನಾನು ಗಟ್ಟಿಯಾಗಿ ಮಾತಾಡಿ ಅದನ್ನು ಮುಚ್ಚಲು ನೋಡಿದೆ. ಸ್ವಲ್ಪ ಹೊತ್ತಿಗೆ ಓಣಿಯ ಕೆಸರಲ್ಲಿ ಗಾಲಿ ಹೊರಳುವ ಸಪ್ಪಳ ಕೇಳಿಸಿತು. ಹಳ್ಳ ಇಳಿಯುವ ತನಕ ಆ ದಂಡೆಯಲ್ಲಿ ಕಾದಿದ್ದು ಬಂದಿದ್ದರಂತೆ. ಭಾವ ತೋಯ್ದು ತೊಪ್ಪೆಯಾಗಿದ್ದ. ಅವನ ಹಿಂದೆ ಹೊಸ ಹೆಂಡತಿ, ನನಗಿಂತ ಚಿಕ್ಕವಳೇ. ಅವಳನ್ನು ಕಂಡರೆ ಉರಿಯಬೇಕೆಂದು ಎಷ್ಟು ದಿನದಿಂದ ಕಾದಿದ್ದೆ. ಆದರೆ ಅವಳು ನಮ್ಮವ್ವನ ಕಾಲಿಗೆ ಬಿದ್ದು ಎದ್ದು, ತೋಯ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಯಾರ ಮುಖವನ್ನೂ ನೋಡದೆ ಕಂಬದ ಹತ್ತಿರ ನಿಂತಳು. ಅವಳನ್ನು ದ್ವೇಷಿಸುವ ಸುಖವೂ ನನಗೆ ಉಳಿಯಲಿಲ್ಲ.

ನಮ್ಮವ್ವ ಚಹಾ ಕೊಟ್ಟಳು. ಭಾವ ಬಸಿಗೆ ಸುರಿದುಕೊಂಡು ಕುಡಿದ. ಆಮೇಲೆ ನೆಲ ನೋಡುತ್ತ ಹೇಳಿದ.

“ಅತ್ತೀ, ಮಕ್ಕಳು ಒಲ್ಲೆ ಅಂದ್ರ ಇಲ್ಲೇ ಇರ್ಲಿ ಬಿಡ್ರಿ. ಜೋರ ಮಾಡಿ ಒಯ್ಯಂಗಿಲ್ಲ. ನಮ್ಮವ್ವನೂ ಅದನ್ನೇ ಹೇಳ್ಯಾಳ.”

ಒಂದು ಅಳು ಸಾಕಿತ್ತು. ಮಕ್ಕಳಲ್ಲಿ ಯಾರಾದರೂ ಒಬ್ಬರು ನನ್ನ ಸೆರಗು ಹಿಡಿದು ಒಲ್ಲೆ ಅಂದಿದ್ದರೆ ಮುಗಿಯುತ್ತಿತ್ತು. ನಾನು ಹುಡುಗನಿಗಾಗಿ ತಿರುಗಿ ನೋಡಿದೆ. ಪಡಸಾಲೆಯಲ್ಲಿ ಅವನಿರಲಿಲ್ಲ. ಹೊರಗೆ ಬಂಡಿಯಲ್ಲಿ, ತಾಡಪತ್ರಿಯ ಕೆಳಗೆ, ಅವನು ಆಗಲೇ ಕೂತುಬಿಟ್ಟಿದ್ದ. ಜೋಳದ ದಂಟು ಕೈಯಲ್ಲೇ ಇತ್ತು. ಹೋಗೋಣ ಹೋಗೋಣ ಎಂದು ಎತ್ತುಗಳಿಗೆ ಹೇಳುತ್ತಿದ್ದ, ಮುಖದ ತುಂಬ ನಗು.

ಭಾವನೂ ಅದನ್ನು ನೋಡಿ ಮೊದಲ ಸಲ ನಕ್ಕ. ಕಂಬದ ಹತ್ತಿರ ನಿಂತವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹುಡುಗಿ ಮಾತ್ರ ನನ್ನ ಮುಖ ನೋಡುತ್ತಿದ್ದಳು, ನಾನು ಏನಾದರೂ ಹೇಳುತ್ತೇನೇನೋ ಎಂದು. ತಲೆ ಅಲ್ಲಾಡಿಸಿದ್ದರೂ ಸಾಕಿತ್ತು, ಅವಳು ಉಳಿಯುತ್ತಿದ್ದಳು. ಆದರೆ ಅಕ್ಕ-ತಮ್ಮರನ್ನು ಅಗಲಿಸಿ ಒಂದನ್ನು ಇಟ್ಟುಕೊಳ್ಳಲು ಅವೇನು ಆಡಿನ ಮರಿಗಳೇ? ನಾನು ಅಲುಗಾಡಲಿಲ್ಲ. ತಮ್ಮ ಹೋದರೆ ನಾನೂ ಹೋಗುತ್ತೇನೆ ಎಂದು ಮೆಲ್ಲಗೆ ಹೇಳಿ ಅವಳೂ ಹೋಗಿ ಹತ್ತಿದಳು.

ನಮ್ಮವ್ವ ರೊಟ್ಟಿಯ ಗಂಟು ಕೊಟ್ಟಳು, ಮಕ್ಕಳ ಹಣೆಗೆ ವಿಭೂತಿ ಹಚ್ಚಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಅವಳು ನನ್ನ ಪಕ್ಕಕ್ಕೆ ಬಂದು, ನಕ್ಕೋತ ಹೊಂಟಾವ, ಛಲೋ ಮಾಡಿದಿ ಎಂದು ನನ್ನ ಬೆನ್ನು ಸವರಿದಳು. ಅದಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಾಗಿತ್ತು.

ಎತ್ತು ಕುತ್ತಿಗೆ ಎತ್ತಿದವು, ಗಾಲಿ ಕೆಸರಿನಿಂದ ಮೇಲೆದ್ದಿತು. ಆಗ ಹುಡುಗ ತಾಡಪತ್ರಿಯ ಹೊರಗೆ ತಲೆ ಹಾಕಿ, ಹೊಸ ಹೆಂಡತಿ ಮಗ್ಗುಲಲ್ಲೇ ಕೂತಿರುವಾಗ, ನನ್ನನ್ನು ಕೂಗಿದ.

“ಅವ್ವಾ, ಜಲ್ದಿ ಹೋಗಿ ಬಾಗಲ್ದಾಗ ನಿಂದ್ರು. ನಾವು ಬರ್ಲಿಕತ್ತೀವಿ.”

ಹುಡುಗಿ ಮುಖವನ್ನು ಆಚೆ ತಿರುಗಿಸಿಕೊಂಡಳು. ಅವಳಿಗೆ ತಿಳಿದಿತ್ತು. ಹೂಂ, ನಿಂತಿರ್ತೀನಿ ಅಂದೆ ನಾನು. ಬಂಡಿ ಓಣಿಯ ತಿರುವು ದಾಟಿತು. ಕತ್ತಲಾಗುವ ಹೊತ್ತಿಗೆ ಮಳಖೇಡ ಮುಟ್ಟಿದಾಗ ಅವನು ಆ ಬಾಗಿಲಲ್ಲಿ ಎಷ್ಟು ಹೊತ್ತು ನನ್ನನ್ನು ಹುಡುಕಿದನೋ, ನನಗೆ ಯಾರೂ ಹೇಳಲಿಲ್ಲ. ನಾನೂ ಇವತ್ತಿನ ತನಕ ಕೇಳಿಲ್ಲ.