ಲೊರೆಟಾಳ ಕೈ

ಅಮೆರಿಕದ ಟೊಲೀಡೊ ಊರಿನ ನಮ್ಮ ಜಿಮ್ನಾಸ್ಟಿಕ್ಸ್ ಶಾಲೆಯಲ್ಲಿ ಲೊರೆಟಾ ಇಪ್ಪತ್ತಾರು ವರ್ಷದಿಂದ ಕೋಚ್. ಎದೆಯೆತ್ತರದ, ನಾಲ್ಕಿಂಚು ಅಗಲದ ತೊಲೆ, ಅಂದರೆ ಬೀಮ್ ಮೇಲೆ ಹಿಂದಕ್ಕೆ ಪಲ್ಟಿ ಹೊಡೆಯುವ ಹುಡುಗಿಯರ ಬೆನ್ನ ಬಳಿ ಸದಾ ಅವಳ ಕೈ ಇರುತ್ತಿತ್ತು. ಅದು ಎಷ್ಟು ಕತ್ತು ಉಳಿಸಿತೆಂದು ಯಾವ ಜಡ್ಜ್ ಎಣಿಸಿದ?

ಹನ್ನೊಂದು ವರ್ಷದ ಟೀಗನ್‌ಗೆ ಈ ಪಲ್ಟಿ ಕೈಗೂಡಲು ಇಡೀ ಚಳಿಗಾಲ ಹಿಡಿಯಿತು. ಸ್ಪರ್ಧೆಯಲ್ಲಿ ಕೋಚ್ ಮುಟ್ಟಿದರೆ ಅಂಕ ಹೋಗುತ್ತದೆ. ಚಳಿಗಾಲ ಮುಗಿದ ಮೇಲಿನ ಮೊದಲ ಸ್ಪರ್ಧೆಯಲ್ಲಿ ಟೀಗನ್ ಪಲ್ಟಿ ಹೊಡೆದು ನಿಂತವಳು ಒಂಚೂರು ವಾಲಿದಳು. ಲೊರೆಟಾಳ ಕೈ ತಾನಾಗಿಯೇ ಹೋಗಿ ಹಿಡಿಯಿತು. ಪದಕ ತಪ್ಪಿತು.

"ನಾನು ಬೀಳ್ತಿರ್ಲಿಲ್ಲ. ಯಾಕ್ ಮುಟ್ಟಿದ್ರಿ?" ಎಂದಳು ಟೀಗನ್.

"ಬೀಳ್ತೀಯ ಅನ್ನಿಸ್ತು ಕಣೇ."

"ನಿಮಗೆ ಯಾವಾಗ್ಲೂ ಹಾಗೇ ಅನ್ನಿಸತ್ತೆ."

ಮರುವಾರವೇ ಟೀಗನ್‌ಳ ಅಮ್ಮ ಅವಳನ್ನು ಬೇರೆ ಜಿಮ್ನಾಸ್ಟಿಕ್ಸ್ ಶಾಲೆಗೆ ಸೇರಿಸಿದಳು. ನಿನ್ನೆ ನಮ್ಮಲ್ಲಿ ಅಭ್ಯಾಸದ ವೇಳೆ ಬೀಮ್‌ನಿಂದ ಪುಟ್ಟ ಹುಡುಗಿಯೊಬ್ಬಳು ಬಿದ್ದಳು. ಪಕ್ಕದಲ್ಲೇ ನಿಂತಿದ್ದ ಲೊರೆಟಾಳ ಕೈ ಜೇಬಿನಿಂದ ಹೊರಬರಲಿಲ್ಲ.