ಪಾದ್ರಿಗಳ ಪುಸ್ತಕ, ಅವ್ವನ ಮಣ್ಣು

ಯುದ್ಧದ ಕಾಲ. ಸೀಮೆಎಣ್ಣೆಗೂ ಪರದಾಟ. ನಮ್ಮ ಮನೆ ಬೆಸಗರಹಳ್ಳಿಯಲ್ಲಿ, ನಾನು ಮದ್ದೂರಿನ ಸ್ಕೂಲಿನಲ್ಲಿ ಮೇಷ್ಟ್ರು. ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಕೂಡಲೇ ರೈಲು ಹತ್ತಿ ಮಂಡ್ಯಕ್ಕೆ ಹೋಗುತ್ತಿದ್ದೆ. ಅಲ್ಲೊಬ್ಬರು ವಯಸ್ಸಾದ ಪಾದ್ರಿಗಳಿದ್ದರು. ಹಳೆಯ ಕಾಲದ ಒಬ್ಬ ಕಥೋಲಿಕ ಧರ್ಮಪಂಡಿತನ ಬದುಕು, ಬರಹ ಎರಡನ್ನೂ ಇಂಗ್ಲಿಷ್ ಪುಸ್ತಕದಿಂದ ನನಗೆ ಬಿಡಿಸಿ ಹೇಳುತ್ತಿದ್ದರು. ಕಿರಿಸ್ತಾನನಾಗೋ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಆ ಪಂಡಿತ ನನ್ನನ್ನು ಹಿಡಿದುಬಿಟ್ಟಿದ್ದ. ಜೀವ ಹೋದರೂ ಸುಳ್ಳು ಹೇಳಬಾರದು, ಒಳ್ಳೇದಕ್ಕೂ ಹೇಳಬಾರದು ಅನ್ನೋದು ಅವನ ಹಟ. ನಾನೂ ಹುಟ್ಟು ಹಟಮಾರಿ. ಸರಿಹೋಯಿತು ಜೋಡಿ!

ಊರಿನವರ ಲೆಕ್ಕವೇ ಬೇರೆ. ಕಿರಿಸ್ತಾನರ ಪುಸ್ತಕ ಓದಿದ ಅಂದರೆ ಜಾತಿ ಬಿಟ್ಟ ಅಂತಲೇ. "ಗೌಡ್ರ ಮಗ ಕಿರಿಸ್ತಾನ್ರಿಗೆ ಸೇರವ್ನೆ" ಅಂತ ಜಗಲಿ ಜಗಲಿಯಲ್ಲೂ ಗುಸುಗುಸು. ಅವ್ವನಿಗೆ ಮಾತ್ರ ಆ ದಿಗಿಲಿರಲಿಲ್ಲ. "ಓದ್ಕಳ್ಳಿ ಬುಡಿ, ಅಕ್ಸರವೇನು ಕಚ್ತದಾ?" ಅನ್ನೋಳು.

ಆ ವರ್ಷ ನಾಲೆ ಬಯಲಿನ ಚಳಿಜ್ವರ ಮನೆಮನೆಗೂ ನುಗ್ಗಿತು. ಕ್ವಿನೈನು ಎಲ್ಲೂ ಸಿಗದು. ಅವ್ವ ನಡುಗಿ ನಡುಗಿ ಸತ್ತಳು.

ಹೊಲದಲ್ಲಿ ಗುಂಡಿ ತೋಡಿ ಹೆಣ ಇಳಿಸಿದರು. ನಮ್ಮಲ್ಲಿ ಮೊದಲ ಹಿಡಿ ಮಣ್ಣು ಹಿರೀಮಗನದು. ನಾನು ಮಣ್ಣಿಗೆ ಬಗ್ಗಿದೆ. ಊರ ಯಜಮಾನ ಕೋಲು ಅಡ್ಡ ಹಿಡಿದ.

"ನಿಲ್ಲಲಾ. ಜಾತಿ ಕೆಟ್ಟೋನು ಮಣ್ಣಾಕಂಗಿಲ್ಲ. 'ಸೇರಿದ್ದು ನಿಜ, ತಪ್ಪಾಯ್ತು' ಅಂತ ಕುಲದ ಮುಂದೆ ಒಪ್ಕೋ. ಎಕ್ಕದ ಕಡ್ಡಿ ಕಾಯ್ಸಿ ನಾಲ್ಗೆಗೆ ಮುಟ್ಟಿಸ್ತೀವಿ, ಸುದ್ದ ಆಯ್ತೀಯ. ಆಮ್ಯಾಕೆ ಆಕುವಂತೆ."

ನಾಲಿಗೆ ಸುಡಿಸಿಕೊಳ್ಳೋಕೆ ನಾನು ತಯಾರಿದ್ದೆ. ಆದರೆ ಸೇರದೇ ಇದ್ದೋನು ಸೇರಿದ್ದೆ ಅಂತ ಹೇಗೆ ಹೇಳಲಿ? "ನಾನು ಸೇರಿಲ್ಲ" ಅಂದೆ. ಕೋಲು ಅಲ್ಲಾಡಲಿಲ್ಲ. ಆಗ ಅಪ್ಪ ಬಂದು ನನ್ನ ಕೈ ಹಿಡಿದುಕೊಂಡ. ಯಾರ ಮುಂದೆಯೂ ಕಣ್ಣೀರು ಹಾಕಿದ ಗಂಡಸಲ್ಲ, ಅವತ್ತು ಅತ್ತ.

"ನೀನು ಸೇರಿಲ್ಲ ಅಂತ ನಂಗೊತ್ತು ಕಣ್ಲಾ. ಒಂದ್ ಮಾತು ಅಂದ್ಬುಡು ಮಗ. ನಿಮ್ಮವ್ವ ನಿನ್ ಕೈ ಮಣ್ಣಿಗೆ ಕಾಯ್ತಾವ್ಳೆ."

ನಾನು ಅಪ್ಪನ ಕೈ ಬಿಡಿಸಿಕೊಂಡೆ. ಬಿಸಿಲು ಏರಿತು, ಹೆಂಗಸರ ಅಳುವೂ ನಿಂತಿತು. ಕೊನೆಗೆ ನನ್ನ ತಮ್ಮ ಮಣ್ಣು ಹಾಕಿದ. ನಾನು ಕತ್ತಾಳೆ ಬೇಲಿಯ ಆಚೆ ನಿಂತು ನೋಡಿದೆ.

ತಿಥಿ ಕಳೆದ ಮೇಲೆ ಮಂಡ್ಯಕ್ಕೆ ಹೋಗಿ ಪಾದ್ರಿಗಳಿಗೆ ಎಲ್ಲಾ ಹೇಳಿದೆ. "ಸುಳ್ಳಾಡಲಿಲ್ಲ ಸ್ವಾಮಿ" ಅಂತಲೂ ಅಂದೆ. ಬೆನ್ನು ತಟ್ಟುತ್ತಾರೆ ಅಂತ ಕಾದಿದ್ದೆನೋ ಏನೋ. ಅವರು ಕನ್ನಡಕ ತೆಗೆದು, "ಅಯ್ಯೋ, ತಾಯಿಗೋಸ್ಕರ ಒಂದು ಮಾತು ಅಂದುಬಿಡಬಾರದಿತ್ತೇನಪ್ಪ?" ಅಂದರು.

ಅಷ್ಟು ವಯಸ್ಸಾದ ಮನುಷ್ಯನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.