ಚಿತ್ರಗಳೊಡನೆ ಮಾರಿಹೋದ ಧಾಟಿಗಳು

ಗದಗ-ಬೆಟಗೇರಿಯ ಯಾವ ಹಳೆಯ ಮನೆಗೆ ಹೋದರೂ ಪಡಸಾಲೆಯ ಗೋಡೆಯ ಮೇಲೊಂದು ಕೊಟ್ರಪ್ಪ ಬನ್ನಿಕೊಪ್ಪ ಅವರ ಚಿತ್ರ ಕಾಣಸಿಗುತ್ತಿದ್ದ ಕಾಲವೊಂದಿತ್ತು. ಯಾವ ಕಲಾಶಾಲೆಯ ಮೆಟ್ಟಿಲನ್ನೂ ಹತ್ತದೆ, ಕ್ಯಾಲೆಂಡರಿನ ದೇವರುಗಳನ್ನು ನೋಡಿ ನೋಡಿಯೇ ಕುಂಚ ಹಿಡಿಯಲು ಕಲಿತು, ಬಳಿಕ ನಮ್ಮ ಎರೆಹೊಲಗಳನ್ನೂ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನೂ ಹಲಗೆಯ ಮೇಲೆ ಮೂಡಿಸಿದ ಈ ಹಿರಿಯರಿಗೆ ಇದೀಗ ಎಪ್ಪತ್ತೈದು ತುಂಬುತ್ತಿದೆ. ಅವರ ಶಿಷ್ಯೆಯೂ, ಶಿರಹಟ್ಟಿಯಲ್ಲಿ ಚಿತ್ರಕಲಾ ಶಿಕ್ಷಕಿಯೂ ಆದ ನನ್ನನ್ನು ಅಭಿನಂದನ ಸಮಿತಿಯವರು ಅವರ ಚಿತ್ರಗಳ ಬಗ್ಗೆ ಬರೆಯಲು ಕೇಳಿದ್ದಾರೆ. ಕ್ಷಮಿಸಬೇಕು, ನಾನು ಬರೆಯುತ್ತಿರುವುದು ಅವರ ಸಂಗೀತದ ಬಗ್ಗೆ.

ಹತ್ತನೆಯ ಇಯತ್ತೆಯಲ್ಲಿ ನಪಾಸಾಗಿ ಮನೆಯ ಮೂಲೆ ಹಿಡಿದಿದ್ದ ನನ್ನನ್ನು ಕರೆತಂದು, "ಫೇಲಾದೋರಿಗೆ ಬಣ್ಣ ಹತ್ತೂದಿಲ್ಲೇನು, ಶಾಂಭವಿ?" ಎಂದು ಕೈಗೆ ಕುಂಚ ಕೊಟ್ಟವರು ಅವರು. ಬೆಟಗೇರಿಯಲ್ಲಿ ಅವರ ಚಿತ್ರಶಾಲೆಯೆಂದರೆ ತಗಡಿನ ಮಾಡಿನ ಒಂದೇ ಖೋಲಿ. ಗೋಡೆಯಾಚೆ ರಹಮಾನಸಾಬರ ಪೇಟಿ ದುರಸ್ತಿಯ ಅಂಗಡಿ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುವುದೇ ರೂಢಿ. ದುರಸ್ತಿ ಮುಗಿದ ಪ್ರತಿಯೊಂದು ಪೇಟಿಯನ್ನೂ ಸಾಬರು, ತಾವೇ ಕಟ್ಟಿದ ಧಾಟಿಯೊಂದನ್ನು ಬಾರಿಸಿ ಪರೀಕ್ಷಿಸುತ್ತಿದ್ದರು. ಗುರುಗಳಿಗೋ ಮೂಗಿನ ತುದಿಯಲ್ಲೇ ಸಿಟ್ಟು. ಕೆಲಸ ಕೈಗೆ ಹತ್ತದ ದಿನ ಗೋಡೆ ಬಡಿದು, "ಸಾಬರ, ಸ್ವಲ್ಪ ಮೆಲ್ಲಕ ಬಾರಸ್ರಿ! ನನ್ನ ಗೆರಿ ಅಲಗ್ಯಾಡಾಕತ್ತಾವು" ಎನ್ನುತ್ತಿದ್ದರು. "ಗೆರಿ ಬಿಡ್ರಿ, ಬಂದು ನಾಕು ಸ್ವರ ಕಲೀರಿ" ಎಂದು ಆಚೆಯಿಂದ ಉತ್ತರ. "ಈ ಚಿತ್ರ ಮುಗೀಲಿ" ಎಂದು ಇವರು. ಒಂದು ಮುಗಿದರೆ ಇನ್ನೊಂದು ಶುರುವಾಗುತ್ತಿತ್ತು. ಗೋಡೆ ಬಡಿದ ದಿನ ಆಚೆಯ ಪೇಟಿ ಮಾತ್ರ ಕೇಳಿಸದಷ್ಟು ಮೆಲ್ಲಗಾಗುತ್ತಿತ್ತು.

ಸಾಬರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಧಾಟಿಗಳನ್ನು ಯಾರೂ ಕಲಿತಿರಲಿಲ್ಲ, ಮೊಬೈಲಿನಲ್ಲಾದರೂ ಹಿಡಿದಿಟ್ಟಿರಲಿಲ್ಲ. ಅಂಗಡಿ ಖಾಲಿ ಮಾಡುವಾಗ ಮಗಳು ರಮೀಜ, ಯಾರೂ ಒಯ್ಯದೆ ಉಳಿದಿದ್ದ ಪೇಟಿಯೊಂದನ್ನು ಗುರುಗಳ ಮುಂದಿಟ್ಟು, "ಅಬ್ಬಾ ನಿಮಗ ಕಲಸಬೇಕಂತ ಭಾಳ ಅಂತಿದ್ರರಿ" ಎಂದಳು. ಆ ವಯಸ್ಸಿನಲ್ಲಿ ಇವರು ಸ್ವರ ತಡಕತೊಡಗಿದರು. ಒಂದು ಮಧ್ಯಾಹ್ನ, ಗೋಡೆಯಲ್ಲಿದ್ದ ಮಾಗಡಿ ಕೆರೆಯ ಬಾತುಗಳ ಚಿತ್ರವನ್ನು ನೋಡುತ್ತಿದ್ದಂತೆ, ಅದನ್ನು ಬರೆಯುವಾಗ ಆಚೆಯಿಂದ ಕೇಳುತ್ತಿದ್ದ ಧಾಟಿ ಇಡಿಯಾಗಿ ನೆನಪಾಯಿತು. ವಾರವಿಡೀ ಹೆಣಗಿ ಅದನ್ನು ಬೆರಳಿಗೆ ತಂದರು. ಇನ್ನೊಂದು ಚಿತ್ರದ ಮುಂದೆ ಕುಳಿತರೆ ಇನ್ನೊಂದು ಧಾಟಿ. ಚಿತ್ರ ಎದುರಿಗಿಲ್ಲದಿದ್ದರೆ ಒಂದು ಸ್ವರವೂ ಬಾರದು. ಮನೆಯಲ್ಲಿ ಉಳಿದ ಚಿತ್ರಗಳಾದರೂ ಎಷ್ಟು? ಮಿಕ್ಕವೆಲ್ಲ ಊರೂರಿಗೆ ಹೋಗಿದ್ದವು. "ಚಿತ್ರ ಅಷ್ಟ ಮಾರೀನಿ ಅಂತ ತಿಳಿದಿದ್ದೆ. ಅವರ ಧಾಟೀನೂ ಮಾರಿಬಿಟ್ಟೀನಿ" ಎಂದರು ಅವರು.

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಲಕ್ಷ್ಮೇಶ್ವರದ ಮನೆಯೊಂದರಲ್ಲಿ, ಮುಂಡರಗಿಯ ಕಿರಾಣಿ ಅಂಗಡಿಯೊಂದರಲ್ಲಿ ಚಿತ್ರವೂ ಸಿಕ್ಕಿತು, ಧಾಟಿಯೂ ಸಿಕ್ಕಿತು. ಕುರ್ತಕೋಟಿಯ ರೇಣುಕವ್ವನವರ ಮನೆಯಲ್ಲಿ ಬರೀ ಮೊಳೆ ಇತ್ತು. "ಹಲಗಿಗೆ ಗೆದ್ದಲ ಹತ್ತಿತ್ರಿ. ಒಲಿಗೆ ಹಾಕಿದ್ವಿ" ಎಂದು ಸಂಕೋಚದಿಂದ ಹೇಳಿ ಅವರು ಚಹಾ ತಂದರು. ಗುರುಗಳು ಆ ಮೊಳೆಯನ್ನೇ ನೋಡುತ್ತ, ಅಲ್ಲಿದ್ದ ಚಿತ್ರವನ್ನು ಕಣ್ಣಿಗೆ ತಂದುಕೊಳ್ಳುತ್ತ ಕುಳಿತರು. ಬೆರಳುಗಳು ಮೊಣಕಾಲ ಮೇಲೆ ಒಂದಿಷ್ಟು ಆಡಿ ನಿಂತುಬಿಟ್ಟವು.

"ಮೊದಲ್ನೇ ಸಾಲು ಬಂತವ್ವ. ಮುಂದಿಂದು ಬರೂದಿಲ್ಲ."

"ಚಿತ್ರ ಇಲ್ಲಂತ ಬರವಲ್ದೇನ್ರಿ, ಗುರುಗಳ?"

"ಅದಕ್ಕಲ್ಲ. ಮುಂದಿಂದು ನಾ ಕೇಳೇ ಇಲ್ಲ. ಮೊದಲ್ನೇ ಸಾಲಿಗೇ ಗೋಡಿ ಬಡದು, ಮೆಲ್ಲಕ ಬಾರಸ್ರಿ ಅಂದಿದ್ದೆ."

ಊರೂರಿನ ಗೋಡೆಗಳಲ್ಲಿ ಉಳಿದಿರುವ ತಮ್ಮ ಚಿತ್ರಗಳನ್ನೆಲ್ಲ ಮತ್ತೊಮ್ಮೆ ನೋಡಿ ಮುಗಿಸುವಷ್ಟು ಆಯುಷ್ಯವನ್ನೂ, ಬೆರಳುಗಳಿಗೆ ಕಸುವನ್ನೂ ದೇವರು ಗುರುಗಳಿಗೆ ಕೊಡಲಿ. ಅವರ ಚಿತ್ರವುಳ್ಳವರು ಗೆದ್ದಲು ಹತ್ತುವ ಮೊದಲು ನನಗೊಂದು ಮಾತು ತಿಳಿಸಬೇಕು, ಒಂದು ಗಳಿಗೆ ಅದರ ಮುಂದೆ ಅವರನ್ನು ಕೂರಲು ಬಿಡಬೇಕು. ಅಭಿನಂದನ ಸಮಾರಂಭದಲ್ಲಿ ಅವರು ಪೇಟಿ ಬಾರಿಸಲಿದ್ದಾರೆ. ಕಡೆಯಲ್ಲಿ ಕುರ್ತಕೋಟಿಯ ಆ ಒಂದು ಸಾಲನ್ನೂ ಬಾರಿಸಿ, ಅಲ್ಲಿಗೇ ನಿಲ್ಲಿಸುತ್ತಾರಂತೆ. ದಯವಿಟ್ಟು ಯಾರೂ ಮುಗಿಯಿತೆಂದು ಚಪ್ಪಾಳೆ ತಟ್ಟಬಾರದು.